ಖಾರದ ಸಾಲ್ಮನ್ ರೈಸ್ ಬೌಲ್: ಮೈಸೂರು-ಮಂಡ್ಯದಲ್ಲಿ ಯಾವ ಮೀನು, ಯಾವ ಅಕ್ಕಿ, ಯಾವ ಖಾರ ತಗೋಬೇಕು?

ಒಂದು ಬಟ್ಟಲು ಬಿಸಿ ಅನ್ನ, ಅದರ ಮೇಲೆ ಖಾರ-ಸಿಹಿ ಹಚ್ಚಿ ಹುರಿದ ಸಾಲ್ಮನ್, ಪಕ್ಕಕ್ಕೆ ಸೌತೆಕಾಯಿ, ಬೆಣ್ಣೆಹಣ್ಣು, ಮೇಲೆ ಒಂದು ಚಮಚ ಮೇಯೊನೇಸ್. ರೈಸ್ ಬೌಲ್ ಅಂದರೆ ಇಷ್ಟೇ. 2021ರಲ್ಲಿ ಎಮಿಲಿ ಮಾರಿಕೋ ಎಂಬ ಅಮೆರಿಕದ ಯುವತಿ ಉಳಿದ ಸಾಲ್ಮನ್ ಮತ್ತು ತಂಗಳನ್ನ ಕಲಸಿ ತಿಂದ ವಿಡಿಯೊ ಟಿಕ್‌ಟಾಕ್‌ನಲ್ಲಿ ಓಡಿದ ಮೇಲೆ ಇದು ಊರೂರು ಸುತ್ತಿತು. ನಮ್ಮಲ್ಲಿ ಆಗಲೇ ಟಿಕ್‌ಟಾಕ್ ಬ್ಯಾನ್ ಆಗಿತ್ತು, ಆದರೂ ಬೇರೆ ದಾರಿ ಹಿಡಿದು ಬಂತು. ಅಲ್ಲಿ ಅದು ತಂಗಳು ಖಾಲಿ ಮಾಡುವ ಊಟ. ಇಲ್ಲಿ ಅದೇ ಊಟಕ್ಕೆ ಜನ ಪಟ್ಟಿ ಹಿಡಿದು ಅಂಗಡಿಗೆ ಹೋಗುತ್ತಾರೆ. ಜಪಾನಿ ಅಕ್ಕಿ, ಜಪಾನಿ ಮೇಯೊನೇಸ್, ಕೊರಿಯಾದ ಖಾರ, ಕಡಲಕಳೆಯ ಹಾಳೆ ಎಲ್ಲ ಬುಟ್ಟಿಗೆ ಹಾಕಿಕೊಂಡು, ಬಿಲ್ ನೋಡಿ ಬೆಚ್ಚಿ, ಕೊನೆಗೆ ಮೀನಿನ ಮೇಲೆ ಜಿಪುಣತನ ತೋರಿಸುತ್ತಾರೆ. ಜಿಪುಣತನಕ್ಕೆ ಅದು ಜಾಗ ಅಲ್ಲ. ದುಡ್ಡು ಹಾಕುವುದಾದರೆ ಮೀನಿಗೆ ಹಾಕಿ. ಮಿಕ್ಕಿದ್ದು ನಮ್ಮ ಸುತ್ತಮುತ್ತ ಸಿಗುವುದರಲ್ಲೇ ಆಗುತ್ತದೆ, ಕೆಲವು ಕಡೆ ನಮ್ಮದೇ ವಾಸಿ.

ಮೀನು: ಬಣ್ಣ ಬಿಡಿ, ಜಿಡ್ಡು ನೋಡಿ

ಸಾಲ್ಮನ್ ಈ ಊಟಕ್ಕೆ ಹೊಂದುವುದು ಅದರ ಕೊಬ್ಬಿನಿಂದ. ಸಾಕಿದ ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ 100 ಗ್ರಾಂ ಮಾಂಸಕ್ಕೆ ಸುಮಾರು 13 ಗ್ರಾಂ ಕೊಬ್ಬು ಇರುತ್ತದೆ. ಸೋಯಾದ ಉಪ್ಪು, ಮೆಣಸಿನಕಾಯಿಯ ಉರಿ, ವಿನೆಗರ್ ಹುಳಿ ಮೂರೂ ಒಟ್ಟಿಗೆ ಬಿದ್ದರೂ ಆ ಕೊಬ್ಬು ತಡೆದುಕೊಳ್ಳುತ್ತದೆ, ಕೆಳಗಿನ ಸಪ್ಪೆ ಅನ್ನಕ್ಕೂ ಒಂದಿಷ್ಟು ಜಿಡ್ಡು ಇಳಿಸುತ್ತದೆ. ಹಾಗಾಗಿ ಸಾಲ್ಮನ್ ಬದಲು ಬೇರೆ ಮೀನು ಹುಡುಕುವಾಗಲೂ ಇದೇ ಲೆಕ್ಕ. ಕಿತ್ತಳೆ ಬಣ್ಣಕ್ಕೂ ರುಚಿಗೂ ಅಷ್ಟೇನೂ ಸಂಬಂಧ ಇಲ್ಲ. ಆ ಬಣ್ಣ ಅಸ್ಟಾಕ್ಸಾಂಥಿನ್ ಅನ್ನುವ ವಸ್ತುವಿನದು. ಕಡಲಲ್ಲಿ ತಾನೇ ಬೆಳೆದ ಮೀನಿಗೆ ಅದು ಸೀಗಡಿಯಂಥ ಜೀವಿಗಳನ್ನು ತಿಂದು ಬರುತ್ತದೆ, ಸಾಕಿದ ಮೀನಿಗೆ ಮೇವಿನಲ್ಲೇ ಬೆರೆಸಿ ಕೊಡುತ್ತಾರೆ.

ನಮ್ಮಲ್ಲಿ ಸಿಗುವ ಸಾಲ್ಮನ್ ಬಹುಪಾಲು ನಾರ್ವೆಯಲ್ಲಿ ಸಾಕಿದ್ದು. ಕೆಜಿಗೆ 2,000 ರೂಪಾಯಿ ದಾಟುತ್ತದೆ, ಅದಕ್ಕೆ ಸಿದ್ಧವಾಗಿಯೇ ಹೋಗಿ. ಇಬ್ಬರಿಗೆ 300 ಗ್ರಾಂ ಸಾಕು, ಇದು ಮೀನು ಸಾರಲ್ಲ, ರಾಶಿ ಹಾಕಿಕೊಳ್ಳುವ ಅಗತ್ಯ ಇಲ್ಲ. ಐಸ್ ಮೇಲೆ ಇಟ್ಟ 'ಫ್ರೆಶ್' ತುಂಡು ಒಂದು ಕಡೆ, ಗಾಳಿ ತೆಗೆದು ಪ್ಯಾಕ್ ಮಾಡಿದ ಫ್ರೋಜನ್ ತುಂಡು ಇನ್ನೊಂದು ಕಡೆ ಇದ್ದರೆ ನಾನು ಮೈಸೂರಲ್ಲಿ ಫ್ರೋಜನ್ ಅನ್ನೇ ಎತ್ತಿಕೊಳ್ಳುತ್ತೇನೆ. ನಾರ್ವೆಯಿಂದ ವಿಮಾನ ಹತ್ತಿ, ಬೆಂಗಳೂರಲ್ಲಿ ಇಳಿದು, ಅಲ್ಲಿಂದ 145 ಕಿ.ಮೀ. ರಸ್ತೆ ಹಿಡಿದು ಬಂದ ಮೀನಿಗೆ 'ಫ್ರೆಶ್' ಅನ್ನುವುದು ಸ್ವಲ್ಪ ಧೈರ್ಯದ ಮಾತು, ಅಲ್ವಾ? ವಾರಾಂತ್ಯದಲ್ಲಿ ಚೆನ್ನಾಗಿ ಖರ್ಚಾಗುವ ಅಂಗಡಿ ಗೊತ್ತಿದ್ದರೆ, ಲೋಡ್ ಬಂದ ದಿನವೇ ಹೋಗಿ ತರುವುದಾದರೆ ಬೇರೆ ಮಾತು.

ಫ್ರೋಜನ್ ಪ್ಯಾಕ್ ಕೈಗೆ ತಗೊಂಡು ನೋಡಿ. ಒಳಗೆ ಐಸ್ ಚೂರುಗಳು ಜಾಸ್ತಿ ಇದ್ದರೆ, ಅಂಚುಗಳು ಒಣಗಿ ಬೆಳ್ಳಗಾಗಿದ್ದರೆ ಅದು ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರಬಹುದು, ಇಲ್ಲವೇ ಬಹಳ ದಿನದಿಂದ ಬಿದ್ದಿರಬಹುದು. ವಾಪಸ್ ಇಡಿ. ಮನೆಗೆ ತಂದ ಮೇಲೆ ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ನ ಕೆಳಗಿನ ಹಲಗೆಗೆ ಇಳಿಸಿ. ಇಳಿಸುವಾಗ ಪ್ಯಾಕ್‌ಗೆ ಕತ್ತರಿ ಹಾಕಿ ಗಾಳಿ ಆಡುವಂತೆ ಮಾಡಬೇಕು, ಇದನ್ನು ಯಾರೂ ಹೇಳುವುದಿಲ್ಲ. ಗಾಳಿಯೇ ಇಲ್ಲದ ಪ್ಯಾಕ್‌ನಲ್ಲಿ ಮೀನು ಕರಗುತ್ತಾ ಇದ್ದರೆ ಬಾಟ್ಯುಲಿಸಂ ಅನ್ನುವ ವಿಷಬಾಧೆ ತರುವ ಬ್ಯಾಕ್ಟೀರಿಯಾಕ್ಕೆ ಬೇಕಾದ ವಾತಾವರಣವೇ ಸಿಕ್ಕಂತಾಗುತ್ತದೆ. ಆ ಬ್ಯಾಕ್ಟೀರಿಯಾದ ಒಂದು ಬಗೆ ಫ್ರಿಜ್‌ನ ತಂಪಿನಲ್ಲೂ ಬೆಳೆಯಬಲ್ಲದು.

ಸಾಕೈ ಅಂತ ಕಡುಗೆಂಪು ಸಾಲ್ಮನ್ ಆನ್‌ಲೈನ್‌ನಲ್ಲಿ ಕಾಣಬಹುದು. ಅದು ಸಾಕಿದ್ದಲ್ಲ, ಪೆಸಿಫಿಕ್ ಕಡಲಿನದು. ಮೀನಿನ ರುಚಿ ಅದರಲ್ಲಿ ಜಾಸ್ತಿ, ಕೊಬ್ಬು ಮಾತ್ರ ಅರ್ಧಕ್ಕಿಂತ ಕಮ್ಮಿ. ಬಾಂಡ್ಲಿಯಲ್ಲಿ ಒಂದು ನಿಮಿಷ ಹೆಚ್ಚಾದರೆ ಒಣಗಿ ಪುಡಿಪುಡಿ. ಈ ಊಟಕ್ಕೆ ಅದು ಬೇಡ.

ಇನ್ನೊಂದು ಎಚ್ಚರಿಕೆ. 'ಇಂಡಿಯನ್ ಸಾಲ್ಮನ್' ಅಂತ ಬೋರ್ಡ್ ಹಾಕಿ ಮಾರುವುದು ರಾವಸ್ ಮೀನು. ಅದಕ್ಕೂ ಸಾಲ್ಮನ್‌ಗೂ ನೆಂಟಸ್ತಿಕೆಯೇ ಇಲ್ಲ. ಬಿಳಿ ಮಾಂಸದ ಒಳ್ಳೆ ಮೀನು, ಫ್ರೈಗೆ ಚೆನ್ನ, ಕರಿಗೂ ಚೆನ್ನ. ಆದರೆ ಅರ್ಧ ಬೆಲೆಗೆ ಸಾಲ್ಮನ್ ಸಿಕ್ಕಿತು ಅಂತ ಖುಷಿಪಟ್ಟು ತಂದರೆ ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಪ್ಯಾಕ್ ಮೇಲೆ ಸಣ್ಣ ಅಕ್ಷರದಲ್ಲಿ ಸಾಲ್ಮೊ ಸಲಾರ್ ಅಂತ ಇದ್ದರೆ ಅದು ಅಟ್ಲಾಂಟಿಕ್ ಸಾಲ್ಮನ್.

ಸಾಲ್ಮನ್ ಬೇಡ, ಅಷ್ಟು ದುಡ್ಡು ಯಾಕೆ ಅನ್ನುವವರಿಗೆ

ನಮ್ಮ ಕಡೆಯವರ ಕೈ ಮೊದಲು ಹೋಗುವುದು ಕಾಟ್ಲಾ, ರೋಹುಗೆ. ಕೆರೆ ಮೀನು, ಕೆಆರ್‌ಎಸ್ ಹಿನ್ನೀರಿನ ಮೀನು, ಬೆಲೆ ಸಾಲ್ಮನ್‌ನ ಹತ್ತರಲ್ಲೊಂದು ಪಾಲು. ದೊಡ್ಡ ಕಾಟ್ಲಾದ ಹೊಟ್ಟೆ ಭಾಗದಲ್ಲಿ ಜಿಡ್ಡೂ ಚೆನ್ನಾಗಿರುತ್ತದೆ. ಆದರೆ ತೊಂದರೆ ಮುಳ್ಳಿನದು. ಈ ಜಾತಿಯ ಮೀನುಗಳ ಮಾಂಸದ ಒಳಗೇ ಕವಲೊಡೆದ ಸಣ್ಣ ಮುಳ್ಳುಗಳು ಹುದುಗಿರುತ್ತವೆ, ನಡುಮುಳ್ಳು ತೆಗೆದರೂ ಅವು ಅಲ್ಲೇ ಉಳಿಯುತ್ತವೆ. ಮೀನು ಮಾರುವವರ ಹತ್ತಿರ "ಅಣ್ಣ, ಮುಳ್ಳಿಲ್ಲದ ಹಾಗೆ ಪೀಸ್ ಮಾಡಿ ಕೊಡಿ" ಅಂತ ಕೇಳಿ ನೋಡಿ, "ಕಾಟ್ಲಾಗೆ ಮುಳ್ಳಿಲ್ದೆ ಇರ್ತದಾ ಸಾರ್" ಅಂತ ನಗುತ್ತಾರೆ. ಮುದ್ದೆ, ಮೀನು ಸಾರಿನ ಜೊತೆ ಕೈಯಲ್ಲಿ ಬಿಡಿಸಿಕೊಂಡು ತಿನ್ನುವಾಗ ಅದು ತೊಂದರೆಯೇ ಅಲ್ಲ. ಆದರೆ ಇಲ್ಲಿ ಅನ್ನ, ಮೇಯೊನೇಸ್, ಸೊಪ್ಪು ಎಲ್ಲ ಕಲಸಿ ಚಮಚದಲ್ಲಿ ಎತ್ತಿ ಬಾಯಿಗೆ ಹಾಕುತ್ತೀರಿ, ಮುಳ್ಳು ಎಲ್ಲಿದೆ ಅಂತ ಕಾಣುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಕಾಟ್ಲಾ ಬೌಲ್ ಬೇಡವೇ ಬೇಡ.

ಜಿಲೇಬಿ ಮೀನಿನಲ್ಲಿ ಆ ಒಳಮುಳ್ಳಿನ ಕಾಟ ಇಲ್ಲ. ಅಗಲವಾದ ಎರಡು ಹೋಳು ನೀಟಾಗಿ ಬಿಡಿಸಬಹುದು. ಆದರೆ 100 ಗ್ರಾಂಗೆ 2 ಗ್ರಾಂ ಕೊಬ್ಬೂ ಇಲ್ಲ. ಸೂಪರ್‌ಮಾರ್ಕೆಟ್‌ನ ಬಾಸಾ ಕಥೆಯೂ ಇದೇ, ಜೊತೆಗೆ ಅದು ನೀರು ಬಿಡುತ್ತದೆ. ಇವೆರಡರಲ್ಲಿ ಒಂದನ್ನು ತಗೊಂಡರೆ ಜಿಡ್ಡನ್ನು ಹೊರಗಿಂದ ಕೊಡಬೇಕು. ಅಂದರೆ ಎಣ್ಣೆ ಒಂದು ಚಮಚ ಜಾಸ್ತಿ, ಬೆಣ್ಣೆಹಣ್ಣು ಅರ್ಧದ ಬದಲು ಇಡೀ, ಹಚ್ಚುವ ಖಾರ ಅರ್ಧಕ್ಕೆ ಇಳಿಕೆ. ಅಷ್ಟು ಮಾಡಿದರೆ ಪರವಾಗಿಲ್ಲ, ತಿನ್ನಬಹುದು. ಸಾಲ್ಮನ್ ಅಳತೆಯಲ್ಲೇ ಖಾರ ಹಾಕಿದರೆ ಬರೀ ಖಾರವೇ ಬಾಯಿಗೆ ಸಿಗುತ್ತದೆ.

ನನ್ನ ಮಟ್ಟಿಗೆ ಸಾಲ್ಮನ್‌ಗೆ ನಿಜವಾದ ಬದಲಿ ಬಂಗುಡೆ. ಜಿಡ್ಡಿನ ಮೀನು, ಖಾರಕ್ಕೆ ಹುಟ್ಟಿದ ಮೀನು, ಬೆಲೆಯೂ ಕೈಗೆಟಕುವುದು. ಮಂಗಳೂರಿನಿಂದ ಬರುವ ಲಾರಿಯಲ್ಲಿ ಇದು ಇದ್ದೇ ಇರುತ್ತದೆ. ತಲೆಯ ಹಿಂದೆ ಕುಯ್ದು, ನಡುಮುಳ್ಳಿಗೆ ಚಾಕು ತಾಗಿಸಿಕೊಂಡೇ ಬಾಲದವರೆಗೆ ಎಳೆದರೆ ಒಂದು ಕಡೆಯ ಹೋಳು ಬರುತ್ತದೆ. ತಿರುಗಿಸಿ ಇನ್ನೊಂದು. ಹೋಳಿನ ಮಧ್ಯದ ಗೆರೆಯಲ್ಲಿ ಬೆರಳು ಆಡಿಸಿದರೆ ಸಾಲಾಗಿ ಮುಳ್ಳು ಚುಚ್ಚುತ್ತವೆ, ಆ ಗೆರೆಯ ಎರಡೂ ಬದಿಗೆ ಚಾಕು ಇಳಿಸಿ ಪಟ್ಟಿಯಂತೆ ತೆಗೆದುಬಿಡಿ. ಅಂಗಡಿಯವರಿಗೆ ಬಿಡುವಿದ್ದಾಗ ಹೇಳಿದರೆ ಅವರೇ ಮಾಡಿಕೊಡುತ್ತಾರೆ. ಭಾನುವಾರ ಬೆಳಿಗ್ಗೆ ಮಾತ್ರ ಕೇಳಬೇಡಿ.

ಬಂಗುಡೆಯಲ್ಲಿ ನೋಡಬೇಕಾದ್ದು ಒಂದೇ, ದಾರಿಯುದ್ದಕ್ಕೂ ಐಸ್‌ನಲ್ಲಿತ್ತಾ ಇಲ್ಲವಾ ಅನ್ನುವುದು. ಮಂಗಳೂರಿನಿಂದ ಇಲ್ಲಿಗೆ ಸುಮಾರು 250 ಕಿ.ಮೀ. ಬಂಗುಡೆ, ಸೂರೆಯಂಥ ಮೀನುಗಳು ಬೆಚ್ಚಗಾದರೆ ಅವುಗಳಲ್ಲಿ ಹಿಸ್ಟಮೈನ್ ಅನ್ನುವ ವಿಷವಸ್ತು ಹುಟ್ಟುತ್ತದೆ. ತಿಂದವರ ಮುಖ ಕೆಂಪಾಗುತ್ತದೆ, ತುಟಿ ಚುರುಗುಟ್ಟುತ್ತದೆ, ತಲೆ ಸಿಡಿಯುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಹಾಗಾಗಿ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಎತ್ತಿ ನೋಡಿದರೆ ಕೆಂಪಗಿರಬೇಕು, ಹೊಟ್ಟೆ ಒತ್ತಿದರೆ ಮೆತ್ತಗೆ ಒಳಗೆ ಹೋಗಬಾರದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧ ಇರುತ್ತದೆ. ಆಗ ಕಡಲ ಮೀನು ಕಮ್ಮಿ, ಬೆಲೆ ಜಾಸ್ತಿ, ಹಳೆಯ ಸ್ಟಾಕ್ ಕೂಡ ಓಡಾಡುತ್ತದೆ. ಆ ಎರಡು ತಿಂಗಳು ಫ್ರೋಜನ್ ಸಾಲ್ಮನ್‌ನದೇ ಕಾಲ ಅಂದುಕೊಳ್ಳಿ.

ಅಂಜಲ್ ಕೂಡ ಆಗುತ್ತದೆ. ಮುಳ್ಳು ಕಮ್ಮಿ, ಮಾಂಸ ಗಟ್ಟಿ. ಆದರೆ ಅದರ ಬೆಲೆಗೆ ಇನ್ನೊಂದಿಷ್ಟು ಸೇರಿಸಿದರೆ ಸಾಲ್ಮನ್ನೇ ಬರುತ್ತದಲ್ಲ ಅನಿಸುತ್ತದೆ, ಮೇಲಾಗಿ ಅಂಜಲ್ ತವಾ ಫ್ರೈ ಆಗುವುದನ್ನು ಬಿಟ್ಟು ಬೌಲ್ ಆಗುವುದು ನನಗೆ ಸಂಕಟ. ರೂಮ್ ಮಾಡಿಕೊಂಡಿರುವ ಹುಡುಗರಿಗೆ ಡಬ್ಬಿಯ ಟ್ಯೂನಾ ಸಾಕು. ಎಣ್ಣೆಯಲ್ಲಿ ಅದ್ದಿದ್ದು ತಗೊಳ್ಳಿ, ನೀರಿನದು ಬೇಡ.

ಹಸಿ ತಿನ್ನಬಹುದಾ?

ಪೋಕೆ ಬೌಲ್ ಅಂತ ಹಸಿ ಸಾಲ್ಮನ್ ಹಾಕಿದ ಬಟ್ಟಲುಗಳನ್ನೂ ನೋಡಿರುತ್ತೀರಿ. ಮನೆಯಲ್ಲಿ ಬೇಡ ಅನ್ನುವುದೇ ನನ್ನ ಉತ್ತರ. ಹುಳದ ಭಯ ಹೋಗಲು ಮೀನನ್ನು ಮೈನಸ್ 20 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ 7 ದಿನ ಇಡಬೇಕು ಅಂತ ಅಮೆರಿಕದ ಆಹಾರ ಇಲಾಖೆ ಹೇಳುತ್ತದೆ. ಮನೆಯ ಫ್ರೀಜರ್ ಸರಿಯಾಗಿದ್ದರೆ ಮೈನಸ್ 18ರ ಹತ್ತಿರ ಇರುತ್ತದೆ, ಬಾಗಿಲು ತೆಗೆದು ಹಾಕಿ ಮಾಡುವಾಗ, ಕರೆಂಟ್ ಹೋದಾಗ ಅದೂ ಇಲ್ಲ. ಸಾಕಿದ ಸಾಲ್ಮನ್‌ನಲ್ಲಿ ಹುಳದ ಸಾಧ್ಯತೆ ಕಮ್ಮಿ ನಿಜ, ಆದರೆ ದಾರಿಯಲ್ಲಿ ಸೇರುವ ಬ್ಯಾಕ್ಟೀರಿಯಾಕ್ಕೆ ಫ್ರೀಜರ್ ಉತ್ತರ ಅಲ್ಲ. 'ಸುಶಿ ಗ್ರೇಡ್' ಅನ್ನುವ ಮಾತಿಗೆ ಅಮೆರಿಕದ ಕಾನೂನಿನಲ್ಲೂ ಅರ್ಥ ಇಲ್ಲ, ಅದು ಮಾರುವವರ ಮಾತು. ಕೆರೆ, ಹೊಳೆ ಮೀನನ್ನಂತೂ ಯಾವ ಕಾಲಕ್ಕೂ ಹಸಿ ತಿನ್ನಬೇಡಿ.

ಅನ್ನ: ಹೊಸ ಅಕ್ಕಿ ಕೇಳಿ

ಇಲ್ಲಿ ನಮ್ಮವರಿಗೆ ಉಲ್ಟಾ ಯೋಚನೆ ಬೇಕು. ಮೈಸೂರು-ಮಂಡ್ಯದಲ್ಲಿ ಅಕ್ಕಿ ಅಂಗಡಿಗೆ ಹೋದರೆ ಎಲ್ಲರೂ ಕೇಳುವುದು ಹಳೆ ಅಕ್ಕಿ. ಅನ್ನ ಉದುರುದುರಾಗಿ ಬರಬೇಕು, ಸಾರು ಹಾಕಿದರೆ ಗಂಜಿ ಆಗಬಾರದು. ಹೊಸ ಅಕ್ಕಿ ಮುದ್ದೆಯಾಗುತ್ತದೆ ಅಂತ ಬೈಯುತ್ತಾರೆ. ಈ ಬೌಲ್‌ಗೆ ಬೇಕಾಗಿರುವುದೇ ಆ ಮುದ್ದೆಯಾಗುವ ಗುಣ. ಅನ್ನ ಒಂದಕ್ಕೊಂದು ಅಂಟಿಕೊಂಡು ಚಮಚದಲ್ಲಿ ಮೀನಿನ ಜೊತೆ ಒಂದೇ ತುತ್ತಾಗಿ ಬರಬೇಕು, ಉದುರು ಅನ್ನದಲ್ಲಿ ಸಾಸ್ ಎಲ್ಲ ತಳಕ್ಕೆ ಇಳಿದುಹೋಗುತ್ತದೆ.

ಜಪಾನಿ ಅಕ್ಕಿ ಅಂಟುವುದಕ್ಕೆ ಕಾರಣ ಅದರಲ್ಲಿ ಅಮೈಲೋಸ್ ಅನ್ನುವ ಪಿಷ್ಟ ಕಮ್ಮಿ ಇರುವುದು. ನಮ್ಮ ಸೋನಾ ಮಸೂರಿಯಲ್ಲಿ ಅದು ಜಾಸ್ತಿ. ಆದರೆ ಹೊಸ ಸೋನಾ ಮಸೂರಿ, ಅದೂ 'ರಾ' ಅಂತ ಕೊಡುವುದು, ಸ್ವಲ್ಪ ನೀರು ಜಾಸ್ತಿ ಇಟ್ಟು ಮಾಡಿದರೆ ಮುಕ್ಕಾಲು ದಾರಿ ತಲುಪುತ್ತದೆ. 'ಸ್ಟೀಮ್' ಅಕ್ಕಿ ಬೇಡ, ಅದು ಬಿಡಿಬಿಡಿಯಾಗಲೆಂದೇ ಮಾಡಿದ್ದು. ಬಾಸ್ಮತಿ ಮಾತೇ ಇಲ್ಲ.

ಹೊಸ ಅಕ್ಕಿ ಒಂದು ಲೋಟ ತಗೊಂಡು ಎರಡು ಸಲ ತೊಳೆದು, 20 ನಿಮಿಷ ನೆನೆಸಿ, ನೀರು ಬಸಿದು, ಎರಡು ಲೋಟ ನೀರಿಟ್ಟು ಕುಕ್ಕರ್‌ನಲ್ಲಿ ಎರಡು ವಿಷಲ್. ಪ್ರೆಶರ್ ತಾನಾಗಿ ಇಳಿಯಲಿ, ಇಳಿದ ಮೇಲೂ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ. ಆಮೇಲೆ ಅಗಲ ತಟ್ಟೆಗೆ ಹಾಕಿ ಒಂದು ಚಮಚ ವಿನೆಗರ್, ಅರ್ಧ ಟೀ ಚಮಚ ಸಕ್ಕರೆ, ಚಿಟಿಕೆ ಉಪ್ಪು ಚಿಮುಕಿಸಿ ಮರದ ಸೌಟಿನಲ್ಲಿ ಮೆಲ್ಲಗೆ ಮಗುಚಿ. ವಿನೆಗರ್ ಇಲ್ಲದಿದ್ದರೆ ನಿಂಬೆಹಣ್ಣು. ಹಳೆ ಅಕ್ಕಿಯೇ ಮನೆಯಲ್ಲಿದ್ದರೆ ನೀರು ಇನ್ನರ್ಧ ಲೋಟ ಏರಿಸಿ, ಒಂದು ವಿಷಲ್ ಜಾಸ್ತಿ ಕೂಗಿಸಿ, ಬಿಸಿ ಇರುವಾಗಲೇ ಸೌಟಿನ ಬೆನ್ನಿಂದ ಒಂದೆರಡು ಸಲ ಒತ್ತಿ. ಹಾಗೂ ಆಗುತ್ತದೆ.

ಜಪಾನಿ ಅಕ್ಕಿಯೇ ಬೇಕು ಅನ್ನುವವರು ಮೈಸೂರಿನ ಗೋಕುಲಂ ಕಡೆ ನೋಡಿ. ಯೋಗ ಕಲಿಯಲು ಬರುವ ವಿದೇಶಿಯರಿಂದಾಗಿ ಆ ಸುತ್ತಲಿನ ಅಂಗಡಿಗಳಲ್ಲಿ ಇಂಥ ಸಾಮಾನು ಬೇರೆ ಬಡಾವಣೆಗಳಿಗಿಂತ ಸುಲಭವಾಗಿ ಸಿಗುತ್ತದೆ. ಆ ಅಕ್ಕಿಗೆ ನೀರು ಬಹಳ ಕಮ್ಮಿ, ಒಂದು ಲೋಟಕ್ಕೆ ಒಂದೂಕಾಲು ಲೋಟ ಮೀರಬಾರದು. ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಬೇಕು.

ನನ್ನ ಇಷ್ಟ ಕೇಳಿದರೆ ರಾಜಮುಡಿ. ಮೈಸೂರು ಅರಸರ ಮನೆಗೆ ಹೋಗುತ್ತಿದ್ದ ಅಕ್ಕಿ ಅಂತ ಹೇಳುತ್ತಾರೆ. ಪೂರ್ತಿ ಪಾಲಿಶ್ ಮಾಡದ ರಾಜಮುಡಿಯಲ್ಲಿ ಅಲ್ಲಲ್ಲಿ ಕೆಂಪು ಎಳೆ ಉಳಿದಿರುತ್ತದೆ, ಬೆಂದ ಮೇಲೆ ಮೆತ್ತಗಿದ್ದರೂ ಅಗಿಯಲು ಏನೋ ಸಿಗುತ್ತದೆ. ಜಿಡ್ಡಿನ ಮೀನಿನ ಕೆಳಗೆ ಅದು ಬಿಳಿ ಅನ್ನಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ನೆನೆಸುವುದು ಮಾತ್ರ ಒಂದು ಗಂಟೆ ಬೇಕು.

ಖಾರ ಮತ್ತು ಸಿಹಿ

ಶ್ರೀರಾಚಾ ಸಾಸ್ ಅಂದರೆ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಸಕ್ಕರೆ, ವಿನೆಗರ್. ಹೆಸರು ಥಾಯ್ಲೆಂಡ್‌ನ ಸಿ ರಾಚಾ ಊರಿನದು, ಜಗತ್ತಿಗೆ ಗೊತ್ತಾದ ಕೋಳಿ ಗುರುತಿನ ಬಾಟಲಿ ವಿಯೆಟ್ನಾಂನಿಂದ ಬಂದ ಡೇವಿಡ್ ಟ್ರಾನ್ 1980ರಲ್ಲಿ ಅಮೆರಿಕದಲ್ಲಿ ಶುರುಮಾಡಿದ ಕಂಪನಿಯದು. ತೆಳ್ಳಗಿರುತ್ತದೆ, ಮೇಯೊನೇಸ್ ಜೊತೆ ಕಲಸಲು ಅದೇ ಸರಿ. ಕೊರಿಯಾದ ಗೋಚುಜಾಂಗ್ ಬೇರೆ ದಾರಿಯದು. ಮೆಣಸಿನ ಪುಡಿ, ಅಂಟಕ್ಕಿ, ಹುದುಗಿಸಿದ ಸೋಯಾ ಸೇರಿ ಗಟ್ಟಿ ಗೊಜ್ಜಿನ ಹಾಗೆ ಇರುತ್ತದೆ, ಖಾರಕ್ಕಿಂತ ಆಳವಾದ ಸಿಹಿ-ಉಪ್ಪು ಜಾಸ್ತಿ. ಮೀನಿಗೆ ಹಚ್ಚಲು ಚೆನ್ನ, ಆದರೆ ಬೇಗ ಸೀಯುತ್ತದೆ.

ಎರಡಕ್ಕೂ ದುಡ್ಡು ಕೊಡುವ ಬದಲು ಮನೆಯಲ್ಲೇ ಅರೆಯಬಹುದು. ಎಂಟು ಬ್ಯಾಡಗಿ, ಮೂರು ಗುಂಟೂರು ಮೆಣಸಿನಕಾಯಿ ಬೀಜ ಉದುರಿಸಿ ಬಿಸಿನೀರಲ್ಲಿ 20 ನಿಮಿಷ ನೆನೆಸಿ, ಐದು ಎಸಳು ಬೆಳ್ಳುಳ್ಳಿ, ಅರ್ಧ ಟೀ ಚಮಚ ಉಪ್ಪು, ಎರಡು ಚಮಚ ವಿನೆಗರ್, ಒಂದು ಚಮಚ ಬೆಲ್ಲ ಹಾಕಿ ನುಣ್ಣಗೆ ಅರೆಯಿರಿ. ನುಣ್ಣಗೆ ಅಂದರೆ ಬೆರಳಿಗೆ ತರಿ ಸಿಗಬಾರದು, ಮೆಣಸಿನ ಸಿಪ್ಪೆ ಉಳಿದರೆ ಮೀನಿನ ಮೇಲೆ ಅದೇ ಮೊದಲು ಕರಿಯಾಗುತ್ತದೆ. ಬಣ್ಣ ಬ್ಯಾಡಗಿಯದು, ಉರಿ ಗುಂಟೂರಿನದು. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಹುದುಗಿದ ಸ್ವಾದ ಇದರಲ್ಲಿ ಬರುವುದಿಲ್ಲ, ಅದನ್ನು ಸೋಯಾ ಸಾಸ್ ತುಂಬಿಕೊಡುತ್ತದೆ.

ಸಿಹಿಗೆ ಜೇನುತುಪ್ಪ, ಕಂದು ಸಕ್ಕರೆ ಅಂತೆಲ್ಲ ಬರೆದಿರುತ್ತಾರೆ. ಆಲೆಮನೆ ಇರುವ ಜಿಲ್ಲೆಯಲ್ಲಿ ಕೂತು ಕಂದು ಸಕ್ಕರೆ ಕೊಳ್ಳುವುದು ಯಾಕೆ? ಮಂಡ್ಯದ ಕಪ್ಪು ಬೆಲ್ಲ ಸೋಯಾಕ್ಕೆ ಹೇಳಿ ಮಾಡಿಸಿದ ಜೋಡಿ. ಅಚ್ಚ ಹಳದಿ ಬೆಲ್ಲ ಬೇಡ, ಆ ಬಣ್ಣ ಬರಲು ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿರುವ ಸಾಧ್ಯತೆ ಇರುತ್ತದೆ, ರುಚಿಯೂ ಬರೀ ಸಿಹಿ. ಗಾಢ ಬಣ್ಣದ್ದನ್ನು ತುರಿದು ಹಾಕಿ.

ಸೋಯಾ ಸಾಸ್‌ನಲ್ಲಿ ಗೋಬಿ ಮಂಚೂರಿಗೆ ಹಾಕುವ ಕಪ್ಪು ಬಾಟಲಿ ಬೇಡ. ಅದರಲ್ಲಿ ಬಣ್ಣ ಜಾಸ್ತಿ, ಸ್ವಾದ ಕಮ್ಮಿ. ಸೋಯಾ, ಗೋಧಿ, ಉಪ್ಪು, ನೀರು ಇಷ್ಟೇ ಪಟ್ಟಿಯಲ್ಲಿರುವ ಹುದುಗಿಸಿದ ಸಾಸ್ ತಗೊಳ್ಳಿ. ಈ ಬೌಲ್‌ನಲ್ಲಿ ಮೀನಿನ ನಂತರ ದುಡ್ಡು ಹಾಕಬೇಕಾದ ಇನ್ನೊಂದೇ ಸಾಮಾನು ಇದು.

ಎಳ್ಳೆಣ್ಣೆ ವಿಷಯ: ಚೀನಾ, ಕೊರಿಯಾದವರು ಹಾಕುವುದು ಹುರಿದ ಎಳ್ಳಿನ ಎಣ್ಣೆ, ಘಂ ಅನ್ನುತ್ತದೆ. ನಮ್ಮ ಗಾಣದ ಎಳ್ಳೆಣ್ಣೆ ಹಸಿ ಎಳ್ಳಿನದು. ಅದನ್ನೇ ಹಾಕಿ, ಮೇಲೆ ಹುರಿದ ಎಳ್ಳು ಉದುರಿಸಿದರೆ ಸಾಕು. ದೀಪದ ಎಣ್ಣೆ ಅಂತ ಬಾಟಲಿ ಮೇಲೆ ಬರೆದಿದ್ದರೆ ಅದನ್ನು ಅಡುಗೆಗೆ ಮುಟ್ಟಬೇಡಿ.

ಬೇಯಿಸುವುದು: ಕಾವಲಿಯೋ ಏರ್ ಫ್ರೈಯರೋ

300 ಗ್ರಾಂ ಮೀನಿಗೆ ಒಂದೂವರೆ ಚಮಚ ಸೋಯಾ, ಒಂದು ಚಮಚ ಅರೆದ ಖಾರ, ಒಂದು ಟೀ ಚಮಚ ಬೆಲ್ಲ, ಒಂದು ಟೀ ಚಮಚ ಎಣ್ಣೆ. ಒಂದಿಂಚಿನ ತುಂಡು ಮಾಡಿ, ಕಲಸಿ, 20 ನಿಮಿಷ. ಜಾಸ್ತಿ ಹೊತ್ತು ಬಿಟ್ಟರೆ ಉಪ್ಪು ಹಿಡಿದು ಮಾಂಸ ಬಿರುಸಾಗುತ್ತದೆ. ನಿಂಬೆರಸ ಈಗ ಬೇಡ, ಕೊನೆಗೆ.

ಏರ್ ಫ್ರೈಯರ್ ಇದ್ದರೆ 200 ಡಿಗ್ರಿಯಲ್ಲಿ ಆರರಿಂದ ಎಂಟು ನಿಮಿಷ. ಅಂಚು ಗರಿ, ಒಳಗೆ ಮೆದು, ತೊಳೆಯುವ ಕೆಲಸ ಕಮ್ಮಿ, ವಾಸನೆಯೂ ಕಮ್ಮಿ. 'ವೆಜಿಟೇರಿಯನ್‌ಗಳಿಗೆ ಮಾತ್ರ' ಅಂತ ಹೇಳಿ ಬಾಡಿಗೆ ಕೊಟ್ಟ ಮನೆಯಲ್ಲಿ ಇರುವವರು ಈ ಕೊನೆಯ ಮಾತನ್ನು ಗಮನಿಸಿ, ನಾನೇನೂ ಹೇಳಿಲ್ಲ. ಒಟಿಜಿ ಅನ್ನುವ ಪುಟ್ಟ ಕರೆಂಟ್ ಓವನ್‌ನಲ್ಲಿ ಅದೇ ಉಷ್ಣತೆ, ಎರಡು-ಮೂರು ನಿಮಿಷ ಜಾಸ್ತಿ, ಗರಿ ಮಾತ್ರ ಕಮ್ಮಿ.

ಆದರೂ ನನ್ನ ಮತ ಕಾವಲಿಗೆ. ತುಂಡು ಮಾಡದೆ, ಚರ್ಮ ಸಮೇತ ಇಡೀ ಹೋಳನ್ನೇ ಹಾಕಬೇಕು. ಚರ್ಮವನ್ನು ಒರೆಸಿ ಒಣಗಿಸಿ, ಅದಕ್ಕೆ ಬರೀ ಉಪ್ಪು. ಖಾರ ಮೇಲ್ಭಾಗಕ್ಕೆ ಮಾತ್ರ. ಚೆನ್ನಾಗಿ ಪಳಗಿದ ಕಬ್ಬಿಣದ ಕಾವಲಿಗೆ ಒಂದು ಚಮಚ ಎಣ್ಣೆ, ಮಧ್ಯಮ ಉರಿ, ಚರ್ಮ ಕೆಳಗೆ. ಮೊದಲ ಅರ್ಧ ನಿಮಿಷ ಚಪ್ಪಟೆ ಸೌಟಿನಿಂದ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಚರ್ಮ ಮುದುರಿಕೊಳ್ಳುತ್ತದೆ. ಆಮೇಲೆ ಮುಟ್ಟಬೇಡಿ. ಬದಿಯಿಂದ ನೋಡುತ್ತಾ ಇರಿ. ಕಿತ್ತಳೆ ಬಣ್ಣ ತಳದಿಂದ ಮೇಲಕ್ಕೆ ನಿಧಾನವಾಗಿ ತಿಳಿಗುಲಾಬಿಗೆ ತಿರುಗುತ್ತಾ ಬರುತ್ತದೆ, ಮುಕ್ಕಾಲು ಎತ್ತರ ತಲುಪಿದಾಗ ಮಗುಚಿ, ಒಂದು ನಿಮಿಷಕ್ಕೆ ಇಳಿಸಿ. ಖಾರ-ಬೆಲ್ಲ ಹಚ್ಚಿದ ಮುಖ ಬೆಂಕಿ ನೋಡುವುದು ಆ ಒಂದು ನಿಮಿಷ ಮಾತ್ರ, ಅದಕ್ಕೇ ಸೀಯುವುದಿಲ್ಲ. ಬದಿಯಲ್ಲಿ ಬಿಳಿ ಮೊಸರಿನಂಥದ್ದು ಉಕ್ಕಿದರೆ ಗಾಬರಿ ಬೇಡ, ಅದು ಮೀನಿನದೇ ಪ್ರೋಟೀನ್. ಆದರೆ ಜಾಸ್ತಿ ಉಕ್ಕಿತು ಅಂದರೆ ಉರಿ ಜಾಸ್ತಿ ಆಗಿದೆ. ಥರ್ಮಾಮೀಟರ್ ಇದ್ದವರಿಗೆ: ಒಳಗೆ 63 ಡಿಗ್ರಿ ಮುಟ್ಟಿದರೆ ಪೂರ್ತಿ ಸುರಕ್ಷಿತ. ಗರ್ಭಿಣಿಯರು, ಮಕ್ಕಳು, ವಯಸ್ಸಾದವರು ತಿನ್ನುವುದಾದರೆ ಅಷ್ಟು ಬೇಯಲೇಬೇಕು. ಬಂಗುಡೆಗೂ ಇದೇ ವಿಧಾನ, ಸಮಯ ಅರ್ಧ.

ಮೇಲಿನ ಅಲಂಕಾರ

ಇಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಜಪಾನಿನ ಕ್ಯೂಪಿ ಮೇಯೊನೇಸ್ ಬರೀ ಮೊಟ್ಟೆಯ ಹಳದಿಯಿಂದ ಮಾಡಿದ್ದು, ರುಚಿ ನಿಜಕ್ಕೂ ಬೇರೆ. ಇಲ್ಲಿಯ ಎಗ್‌ಲೆಸ್ ಮೇಯೊನೇಸ್ ಸಿಹಿ ಜಾಸ್ತಿ, ನಿಂಬೆರಸ ಹಿಂಡಿ ಸರಿಮಾಡಿ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರೂ ಆಗುತ್ತದೆ. ಮೀನಿನ ಜೊತೆ ಮೊಸರು ತಿಂದರೆ ತೊನ್ನು ಬರುತ್ತದೆ ಅಂತ ಮನೆಯಲ್ಲಿ ಅಜ್ಜಿ ತಡೆಯಬಹುದು. ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ನಾಶವಾದಾಗ, ಅದಕ್ಕೂ ಊಟದ ಈ ಜೋಡಿಗೂ ಸಂಬಂಧ ಇಲ್ಲ. ಆದರೂ ಅಜ್ಜಿಯ ಜೊತೆ ವಾದ ಯಾಕೆ, ಅವರ ಬಟ್ಟಲಿಗೆ ಗಟ್ಟಿ ಕಾಯಿಹಾಲು ಹಾಕಿ.

ಬೆಣ್ಣೆಹಣ್ಣು ಮಳೆಗಾಲದ ಆಸುಪಾಸಿಗೆ ಕೊಡಗಿನದು ಬರುತ್ತದೆ, ಆಮದಿನ ಹ್ಯಾಸ್ ತಳಿಯಷ್ಟು ಜಿಡ್ಡಿಲ್ಲ ಆದರೆ ದೊಡ್ಡದು, ಅಗ್ಗ. ಎಡಮಾಮೆ ಅನ್ನುವ ಹಸಿ ಸೋಯಾ ಕಾಳಿನ ಜಾಗಕ್ಕೆ ಅವರೆಕಾಯಿ ಕಾಲದಲ್ಲಿ ಹಿತಕಿದ ಅವರೆ ಬೇಯಿಸಿ ಹಾಕಿ, ಇದು ಬದಲಿ ಅಲ್ಲ, ಬಡ್ತಿ. ನೋರಿ ಅನ್ನುವ ಕಡಲಕಳೆಯ ಚೂರು, ಎಳ್ಳು ಸೇರಿದ ಜಪಾನಿ ಉದುರಿಗೆ ಬದಲು ಹುಚ್ಚೆಳ್ಳು ಚಟ್ನಿಪುಡಿ ಒಂದು ಚಮಚ. ಕಡಲ ವಾಸನೆ ಬರುವುದಿಲ್ಲ ಅಷ್ಟೇ. ಸೌತೆಕಾಯಿ, ಮೂಲಂಗಿಯನ್ನು ತೆಳ್ಳಗೆ ಹೆಚ್ಚಿ ವಿನೆಗರ್, ಉಪ್ಪಿನಲ್ಲಿ ಹತ್ತು ನಿಮಿಷ ಬಿಡಿ. ಹುಳಿ ಇಲ್ಲದ ಬೌಲ್ ನಾಲ್ಕನೇ ತುತ್ತಿಗೆ ಸಾಕಾಗುತ್ತದೆ.

ಉಳಿದರೆ ಮೀನು ಎರಡು ದಿನ ಫ್ರಿಜ್‌ನಲ್ಲಿ ಇರುತ್ತದೆ. ಅನ್ನವನ್ನು ಹೊರಗೆ ಬಿಡಬೇಡಿ, ಬೆಂದ ಅನ್ನದಲ್ಲೂ ಬದುಕುಳಿಯುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾ ಬೆಚ್ಚನೆ ಜಾಗದಲ್ಲಿ ವಿಷ ಮಾಡುತ್ತದೆ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮಾರನೇ ದಿನ ಗಟ್ಟಿಯಾದ ಅನ್ನದ ಮೇಲೆ ಒಂದು ಐಸ್ ತುಂಡು ಇಟ್ಟು, ಮುಚ್ಚಿ ಮೈಕ್ರೋವೇವ್ ಮಾಡಿದರೆ ಹಬೆಯಲ್ಲಿ ಮತ್ತೆ ಮೆತ್ತಗಾಗುತ್ತದೆ. ಐಸ್ ಪೂರ್ತಿ ಕರಗುವುದಿಲ್ಲ, ತೆಗೆದು ಬಿಸಾಡಿ. ಆಫೀಸಿಗೆ ಒಯ್ಯುವುದಾದರೆ ಮೀನು ಬೇರೆ ಡಬ್ಬಿಯಲ್ಲಿ ಇರಲಿ, ಆಫೀಸ್ ಫ್ರಿಜ್‌ನಿಂದ ತೆಗೆದು ತಣ್ಣಗೇ ತಿನ್ನಿ, ಅನ್ನ ಮಾತ್ರ ಬಿಸಿ ಮಾಡಿ. ಸಾಲ್ಮನ್ ತಣ್ಣಗಿದ್ದರೂ ರುಚಿಯೇ, ಮೈಕ್ರೋವೇವ್‌ನಲ್ಲಿ ಬಿಸಿಯಾದ ಮೀನಿನ ವಾಸನೆ ಮಾತ್ರ ಸಂಜೆವರೆಗೂ ಇಡೀ ಫ್ಲೋರ್‌ನಲ್ಲಿ ಇರುತ್ತದೆ.